ಕಿರಿಮಗಳ ಗದ್ದೆ

ನೋನ್‌ಖಾ
ಆಗಸ್ಟ್ ೬, ಬುದ್ಧಶಕ ೨೫೩೪

ಪೂಜ್ಯ ಅಣ್ಣನವರ ಪಾದಗಳಿಗೆ ನಮಸ್ಕಾರ.

ಹೀಗೆ ಶುರುಮಾಡಬೇಕೆಂದು ಅವ್ವನ ಅಪ್ಪಣೆ. ತಲೆ ಬೋಳಿಸಿ ಕಾವಿ ಉಟ್ಟ ಮೇಲೆ ಮಗನಾದರೂ ಗುರು, ಅಣ್ಣನಾದರೂ ಗುರು. ‘ನೀನು’ ಗೀನು ಅಂದರೆ ಮುಂದಿನ ಜನ್ಮದಲ್ಲಿ ನಾಲಿಗೆಯಿಲ್ಲದ ಪ್ರಾಣಿಯಾಗಿ ಹುಟ್ಟುತ್ತೀಯ ಎಂದು ಹೆದರಿಸಿದ್ದಾಳೆ. ಹೋದ ತಿಂಗಳವರೆಗೆ ನನ್ನ ತಟ್ಟೆಯ ಮೀನು ಕದಿಯುತ್ತಿದ್ದವರನ್ನು ‘ತಾವು’ ಎನ್ನಲು ಕೈ ಬರುತ್ತಿಲ್ಲ. ಎಲ್ಲಾದರೂ ತಪ್ಪಿದರೆ ಕ್ಷಮಿಸಬೇಕು.

ನಾಟಿ ಮುಗಿಯಿತು. ಕೊಂಗ್ ಮಾವ, ಅತ್ತೆ, ಪಕ್ಕದ ಮನೆಯವರು ಮುಯ್ಯಾಳಾಗಿ ಬಂದರು. ಮೇಲಿನ ಗದ್ದೆಗೆ ಮನೆಗೆ ಬೇಕಾದ ಅಂಟಕ್ಕಿ, ಉಳಿದದ್ದಕ್ಕೆಲ್ಲ ಮಾರುವ ಮಲ್ಲಿಗೆ ಅಕ್ಕಿ. ಎಮ್ಮೆ ತುಯ್ ನನ್ನ ಮಾತು ಕೇಳುವುದಿಲ್ಲ. ಹೂಡುವಾಗ ತಾವು ನಾಲಿಗೆಯಲ್ಲಿ ಮಾಡುತ್ತಿದ್ದ ಸದ್ದನ್ನು ನಾನೂ ಮಾಡಿದೆ. ತಿರುಗಿ ನೋಡಿ ನಿಂತುಬಿಟ್ಟಿತು. ಕೊನೆಗೆ ಮಾವನೇ ಉತ್ತರು.

ಸಂಜೆಯಾದರೆ ಅವ್ವ ಮನೆಯ ಮೆಟ್ಟಿಲ ಮೇಲೆ ನಿಂತು, “ಲೂಯಿ ಯಾವ ಕಡೆ ಬರುತ್ತೆ ಕಣೇ?” ಎಂದು ಕೇಳುತ್ತಾಳೆ. ತಮ್ಮ ವಿಹಾರವಿರುವ ವಾಯವ್ಯಕ್ಕೆ ನಾನು ಕೈ ತೋರಿಸುತ್ತೇನೆ. ಆ ಕಡೆಗೆ ಕೈ ಮುಗಿದು, “ನಿಮ್ಮಪ್ಪನಿಗೆ ಪುಣ್ಯ ಮುಟ್ಟುತ್ತಿರುತ್ತೆ, ಅಲ್ವಾ?” ಎನ್ನುತ್ತಾಳೆ. ಮುಟ್ಟುತ್ತಿರುತ್ತೆ ಅವ್ವ ಎನ್ನುತ್ತೇನೆ. ಅಪ್ಪ ತೀರಿಕೊಂಡ ಚಳಿಗಾಲದಿಂದ ಅವಳು ಹೀಗೆ ನೆಮ್ಮದಿಯಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. ಮಳೆಗಾಲದ ವ್ರತ ಮುಗಿಸಿ, ಕಾವಿ ಬಿಟ್ಟು, ಕೊಯ್ಲಿನ ಹೊತ್ತಿಗೆ ಮಗ ಬರುತ್ತಾನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಮೊನ್ನೆ ಗೊಬ್ಬರ ತರಲು ಸುವನ್ನಫೂಮ್ ಪೇಟೆಗೆ ಹೋದವಳು ಬರುವಾಗ ಹೊತ್ತಾಯಿತು. ಬಸ್ಸು ತಡವಾಯಿತು ಎಂದು ಅವ್ವನಿಗೆ ಹೇಳಿದೆ. ಬಸ್ಸೇನೂ ತಡವಾಗಿರಲಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ತಂಗಿ
ಬುವಾಪನ್

*

ಕಾಡುವಿಹಾರ, ಪೂಹಿನ್ ಗುಡ್ಡ, ಲೂಯಿ
ಆಗಸ್ಟ್ ೨೧, ೨೫೩೪

ತಾಯಿ ಉಪಾಸಕಿಗೂ ತಂಗಿ ಬುವಾಪನ್‌ಗೂ ಶುಭವಾಗಲಿ.

ಪತ್ರ ತಲುಪಿತು. ನಾನು ಆರೋಗ್ಯವಾಗಿದ್ದೇನೆ. ದಿನಕ್ಕೆ ಒಂದೇ ಊಟ. ಖಾರದ ಮೀನು, ಬಾಳೆಹಣ್ಣು, ಅನ್ನ, ಜನ ಕೊಟ್ಟ ಸಿಹಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆರೆತಿರುತ್ತವೆ. ರುಚಿ ಹುಡುಕಬಾರದೆಂದು ಹಾಗೆ. ಹಸಿವು ಅಭ್ಯಾಸವಾಗಿದೆ. ಮಂಡಿಗಳಿಗೆ ಕೂರುವುದು ಇನ್ನೂ ಅಭ್ಯಾಸವಾಗಿಲ್ಲ.

ನಿನ್ನೆ ಗುರುಗಳು ಕೇಳಿದರು: “ತವಿನ್, ಉಸಿರು ನೋಡ್ತಿದ್ದೀಯೋ, ಮೋಡ ನೋಡ್ತಿದ್ದೀಯೋ?” ಸುಳ್ಳು ಹೇಳುವಂತಿಲ್ಲವಲ್ಲ. “ಮೋಡ, ಗುರುಗಳೇ” ಎಂದೆ. “ಯಾವೂರಿನ ಮೋಡ?” ಎಂದರು.

ಭಿಕ್ಷು ಮಣ್ಣು ಅಗೆಯಬಾರದೆಂಬ ನಿಯಮವಿದೆ. ನನ್ನ ಕುಟೀರದ ಹಾದಿಯಲ್ಲಿ ಮಳೆನೀರು ಕಟ್ಟಿ ನಿಲ್ಲುತ್ತದೆ. ಹಿಮ್ಮಡಿಯಿಂದ ಒಂದು ಗೆರೆ ಎಳೆದರೆ ಸಾಕು, ಅಷ್ಟೂ ನೀರು ಇಳಿಜಾರಿಗೆ ಹರಿದುಹೋಗುತ್ತದೆ. ಎಳೆಯುವಂತಿಲ್ಲ. ಪಕ್ಕದಲ್ಲಿ ಹಾದು ಹೋಗಬೇಕು. ಹಸಿವಿಗಿಂತ ಇದೇ ನನಗೆ ಕಷ್ಟವಾಗಿದೆ.

ಮೇಲಿನ ಗದ್ದೆಯ ಮೂಡಣ ಬದುವಿನಲ್ಲಿ ಏಡಿ ತೂತು ಬಿದ್ದಿರುತ್ತದೆ, ಮೇಲಿನಿಂದ ಕಾಣುವುದಿಲ್ಲ, ಕಾಲಿಟ್ಟು ಒತ್ತಿ ನೋಡಬೇಕು. ಅಂಟಕ್ಕಿ ಸಸಿ ಹಸಿರಾಗಿ ತಿರುಗಿತೇ? ತುಯ್ ಕೊರಳ ಹುಣ್ಣು ಒಣಗಿತೇ? ಸದ್ದನ್ನು ನಾಲಿಗೆಯ ತುದಿಯಿಂದಲ್ಲ, ಕೆನ್ನೆಯ ಒಳಗಿನಿಂದ ಮಾಡಬೇಕು.

ಈ ಕೊನೆಯ ಭಾಗವನ್ನು ತಾಯಿಗೆ ಓದಿ ಹೇಳಬೇಡ.

ಭಿಕ್ಷು ತವಿನ್

*

ನೋನ್‌ಖಾ
ಸೆಪ್ಟೆಂಬರ್ ೩, ೨೫೩೪

ಪೂಜ್ಯ ಅಣ್ಣನವರಿಗೆ,

ಏಡಿ ತೂತು ಇತ್ತು, ಮುಚ್ಚಿದೆ. ಸಸಿ ಹಸಿರಾಗಿದೆ. ಕೆನ್ನೆಯಿಂದ ಸದ್ದು ಮಾಡಿದೆ, ತುಯ್ ಸೆಗಣಿ ಹಾಕಿತು.

ಈಗ ನಿಜವಾದ ವಿಷಯ. ಡೊಂಗ್ ಹಳ್ಳಿಯಿಂದ ನನ್ನನ್ನು ಕೇಳಿಕೊಂಡು ಬಂದಿದ್ದಾರೆ. ಹುಡುಗನ ಹೆಸರು ಪ್ರಯೂನ್. ಕೊಂಗ್ ಮಾವ ತಂದ ಸಂಬಂಧ. ಕೆಟ್ಟವನಲ್ಲ, ಅದೇ ತೊಂದರೆ. ಕುಡುಕನಾಗಿದ್ದರೆ ಬೇಡವೆನ್ನುವುದು ಸುಲಭವಿತ್ತು. ಬಂದ ದಿನವೇ ಮನೆಯ ಕೆಳಗಿನ ಎಮ್ಮೆಕೊಟ್ಟಿಗೆಯ ಮುರಿದ ಅಡ್ಡಗಳುವನ್ನು ಯಾರೂ ಹೇಳದೆ ಸರಿಮಾಡಿದ. ಅವ್ವನಿಗೆ ಅಷ್ಟು ಸಾಕಾಯಿತು. “ನೇಗಿಲು ಹಿಡಿದ್ರೆ ದಾರ ಕಟ್ಟಿದಂಗೆ ಹೋಗ್ತಾನಂತೆ. ಮಾತು ಕಮ್ಮಿ. ಇನ್ನೇನು ಬೇಕೇ ನಿನಗೆ, ರಾಜಕುಮಾರನಾ?” ಎಂದಳು.

ಏನು ಬೇಕೆಂದು ನನಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಗಂಡುಮಕ್ಕಳು ಹೆಂಡತಿಯ ಮನೆಗೆ ಹೋಗುವವರು. ಕಿರಿಮಗಳು ಗಂಡನನ್ನು ಮನೆಗೆ ತಂದುಕೊಂಡು, ಮನೆ, ಗದ್ದೆ, ತಾಯಿ ಮೂರನ್ನೂ ಹೊತ್ತು ಉಳಿಯುವವಳು. ಇದು ತಮಗೆ ಗೊತ್ತಿಲ್ಲದ್ದೇನಲ್ಲ. ಬರೆದರೆ ಚಿಕ್ಕದಾಗಿ ಕಾಣುತ್ತದೇನೋ ಎಂದು ಬರೆದು ನೋಡಿದೆ. ಕಾಣಲಿಲ್ಲ.

ಬಸ್ಸಿನ ವಿಷಯ ಹೇಳುತ್ತೇನೆ ಎಂದಿದ್ದೆನಲ್ಲ. ರೊಯ್‌ಯೆತ್‌ನಿಂದ ಸುರಿನ್‌ಗೆ ಹೋಗುವ ಕಿತ್ತಳೆ ಬಸ್ಸಿನಲ್ಲಿ ಚೇಮ್ ಅಕ್ಕ ಕಂಡಕ್ಟರು, ಅವಳ ಗಂಡ ಪಾನ್ ಡ್ರೈವರು. ಅಕ್ಕನಿಗೆ ಮಂಡಿನೋವು. ಆವತ್ತು ಬಾಗಿಲಲ್ಲಿ ನಿಲ್ಲಲಾರದೆ ಟಿಕೆಟಿನ ತಗಡಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ಸ್ವಲ್ಪ ಹಿಡಿಯೇ ತಾಯಿ” ಎಂದಳು. ಹಿಡಿದೆ. ಒಬ್ಬ ಹಂದಿಮರಿಗಳ ಬುಟ್ಟಿಯನ್ನು ಒಬ್ಬ ಮುದುಕಿಯ ಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. “ಮಾವ, ಮರಿಗಳಿಗೆ ಜಾಗ ಬೇಕು ಅಂದ್ರೆ ಟಿಕೆಟ್ ತಗೋ, ಇಲ್ಲಾ ನಿನ್ನ ತೊಡೆ ಮೇಲೆ ಮಲಗಿಸಿ ಲಾಲಿ ಹಾಡು” ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಅವನೂ ನಕ್ಕು ಬುಟ್ಟಿ ಎತ್ತಿಕೊಂಡ. ನಮ್ಮೂರು ಬಂದರೂ ನಾನು ಇಳಿಯಲಿಲ್ಲ. ಅಣ್ಣ, ಇಪ್ಪತ್ತೆರಡು ವರ್ಷ ನಾನು ಬಾಯಿ ಬಿಟ್ಟರೆ ಅವ್ವ “ಮೆಲ್ಲಗೆ” ಎನ್ನುತ್ತಿದ್ದಳು. ಅಲ್ಲಿ ಎಲ್ಲರೂ ಇನ್ನೂ ಜೋರಾಗಿ ಎನ್ನುತ್ತಾರೆ. ಬಾಗಿಲ ಕಂಬಿ ಹಿಡಿದು ನಿಂತರೆ ಬಯಲು ಹಿಂದಕ್ಕೆ ಓಡುತ್ತದೆ. ನನ್ನ ಕಾಲುಗಳು ನಿಂತಲ್ಲೇ ಇರುತ್ತವೆ, ಎಲ್ಲಿಗಾದರೂ ಹೋಗಬೇಕೆಂದು ಮೊದಲ ಸಲ ಅವು ಚಡಪಡಿಸಲಿಲ್ಲ.

ಅದಾದ ಮೇಲೆಯೂ ಹೋಗಿದ್ದೇನೆ. ಅವ್ವನಿಗೆ ಪೇಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದೇನೆ ಎಂದಿದ್ದೇನೆ.

ಅಪ್ಪನಿಲ್ಲದ ಮನೆಯಲ್ಲಿ ತಾವೇ ಹಿರಿಯರು. ಅವ್ವ ತಮ್ಮ ಮಾತು ಮೀರುವುದಿಲ್ಲ. ಈ ಮದುವೆಗೆ ಅವಸರ ಬೇಡ ಎಂದು ಒಂದೇ ಒಂದು ಸಾಲು ಬರೆಯಿರಿ.

ಬುವಾ

*

ಪೂಹಿನ್ ಗುಡ್ಡ
ಸೆಪ್ಟೆಂಬರ್ ೧೬, ೨೫೩೪

ತಂಗಿ ಬುವಾಪನ್‌ಗೆ,

ನೀನು ಕೇಳಿದ ಸಾಲನ್ನು ನಾನು ಬರೆಯುವಂತಿಲ್ಲ. ಗುರುಗಳನ್ನು ಕೇಳಿದೆ. ಗಂಡುಹೆಣ್ಣಿನ ಸಂಬಂಧ ಕೂಡಿಸಲು ಓಡಾಡುವುದು ಭಿಕ್ಷುವಿಗೆ ದೊಡ್ಡ ತಪ್ಪು. ಮುರಿಯಲು ಬಾಯಿ ಹಾಕುವುದೂ ಅವನಿಗೆ ಸಲ್ಲದ ಕೆಲಸ ಎಂದರು. “ನಿನ್ನ ತಂಗಿಗೆ ಬಾಯಿ ಇಲ್ಲವಾ?” ಎಂದು ಕೇಳಿದರು. ಅದೊಂದೇ ಇರುವುದು ಗುರುಗಳೇ, ಎಂದೆ. ಅವರು ನಗಲಿಲ್ಲ.

ಆ ಪ್ರಯೂನ್ ಅಡ್ಡಗಳುವಿಗೆ ಯಾವ ಮರ ಹಾಕಿದ? ನೀಲಗಿರಿಯಾದರೆ ಒಂದು ಮಳೆಗಾಲವೂ ತಡೆಯದು. ತೆಂಕಣ ಮೂಲೆಯ ತಗ್ಗು ಗದ್ದೆಯನ್ನು ಏನು ಮಾಡಬೇಕೆಂದು ಅವನಿಗೆ ಯೋಚನೆಯಿದೆಯೇ? ಈಗೆಲ್ಲ ಎಮ್ಮೆ ಮಾರಿ ಕೈನೇಗಿಲಿನ ಮೋಟಾರು ತರುತ್ತಾರೆ. ತುಯ್ ವಿಷಯದಲ್ಲಿ ಅವನೇನಾದರೂ ಅಂದನೇ? ಅದಕ್ಕೆ ಬೇರೆಯವರು ಮೂಗುದಾರ ಮುಟ್ಟಿದರೆ ಆಗದು. ಇವೆಲ್ಲ ಕೇಳಬಾರದ ಪ್ರಶ್ನೆಗಳು. ಯಾರ ಮನೆಗೋ ಅಳಿಯನಾಗಿ ಹೋಗಬೇಕಾದವನು ನಾನು, ಆ ಗದ್ದೆ ಎಂದೂ ನನ್ನದಾಗಿರಲಿಲ್ಲ.

ಮಳೆಗಾಲ ಮುಗಿದ ಮೇಲೂ ಇಲ್ಲಿಯೇ ಉಳಿಯುತ್ತೀಯಾ ಎಂದು ಗುರುಗಳು ಕೇಳಿದ್ದಾರೆ. ಕಾವಿಯಲ್ಲಿ ಇದ್ದರೆ ಯಾವ ಬದುವೂ ಯಾರದೂ ಅಲ್ಲ. ಇನ್ನೂ ಉತ್ತರ ಕೊಟ್ಟಿಲ್ಲ.

ಭಿಕ್ಷು ತವಿನ್

*

ನೋನ್‌ಖಾ
ಸೆಪ್ಟೆಂಬರ್ ೨೫

ಅಣ್ಣ,

‘ತಾವು’ ಇವತ್ತು ಬೇಡ. ಮುಂದಿನ ಜನ್ಮಕ್ಕೆ ನಾಲಿಗೆ ಹೋದರೆ ಹೋಗಲಿ.

ನೀನು ಸೂರು ಕಿತ್ತುಕೊಂಡು ಮೇಲಕ್ಕೆ ಹೋಗುತ್ತೀಯ, ನನ್ನನ್ನು ಇಲ್ಲಿ ನೆಲಕ್ಕೆ ಮೊಳೆ ಹೊಡೆಯುತ್ತಾರೆ. ನಿನ್ನದು ಪುಣ್ಯ, ನನ್ನದು ಹಟ. ಅವ್ವನಿಗೆ ನಿನ್ನ ಪತ್ರ ಓದುವಾಗ ನಾನು ಕೇಳಿದ ಸಾಲಿನ ಮಾತನ್ನೂ, ಅಲ್ಲೇ ಉಳಿಯುತ್ತೀಯಾ ಎಂಬ ಗುರುಗಳ ಪ್ರಶ್ನೆಯನ್ನೂ ಬಿಟ್ಟು ಓದಿದೆ. “ಕೊಯ್ಲಿಗೆ ಬರ್ತಾನಂತಾ?” ಎಂದು ಕೇಳಿದಳು. ಬರೆದಿಲ್ಲ ಎಂದೆ. ಅದು ಸುಳ್ಳಲ್ಲ.

ಪ್ರಯೂನ್ ಹಾಕಿದ್ದು ಬಿದಿರು. ತುಯ್ ಅವನ ಕೈಯಿಂದ ಹುಲ್ಲು ತಿಂದಿತು. ಕೇಳಿದ್ದಕ್ಕೆ ಹೇಳಿದೆ.

ನಿಶ್ಚಿತಾರ್ಥಕ್ಕೆ ದಿನ ನೋಡಲು ಮಾವ ಹೋಗಿದ್ದಾರೆ.

ಬುವಾ

*

ನೋನ್‌ಖಾ
ಅಕ್ಟೋಬರ್ ೪, ೨೫೩೪

ಅಣ್ಣ,

ಹೋದ ಪತ್ರಕ್ಕೆ ನಿಮ್ಮಿಂದ ಉತ್ತರವಿಲ್ಲ. ಬರದಿದ್ದರೂ ಇದನ್ನು ಬರೆಯಲೇಬೇಕು, ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿದ್ದೆ. ಅವ್ವನಿಗೆ ಹೊಲಿಗೆಯೆಂದೇ ಹೇಳಿ ಬೇಗ ಹೊರಟು, ಮೇಲಿನ ಊರಿಗೆ ನಡೆದುಹೋಗಿ ಅಲ್ಲಿ ಹತ್ತಿದ್ದೆ. ನಮ್ಮೂರ ಹತ್ತಿರ ಬಂದಾಗ ನಾನು ಹಿಂದಿನ ಸೀಟುಗಳಲ್ಲಿ ಟಿಕೆಟ್ ಹರಿಯುತ್ತಿದ್ದೆ. ಮುಂದಿನ ಬಾಗಿಲಲ್ಲಿ ಯಾರೋ ಹತ್ತಿದರು. ಡಬ್ಬಿಯ ಮುಚ್ಚಳ ಟಕಟಕ ಬಡಿಯುತ್ತ, “ಒಳಗೆ ಬನ್ನಿ, ಒಳಗೆ ಬನ್ನಿ, ಮಧ್ಯದಲ್ಲಿ ಮರದಂಗೆ ನಿಲ್ಲಬೇಡಿ” ಎಂದು ಕೂಗಿಕೊಂಡು ಬಂದೆ. ಮಧ್ಯದಲ್ಲಿ ನಿಂತಿದ್ದವಳು ಅವ್ವ. ಕೈಯಲ್ಲಿ ಮೊಟ್ಟೆಯ ಬುಟ್ಟಿ, ಹೆಗಲ ಮೇಲೆ ಒಳ್ಳೆಯ ಶಾಲು. ನನ್ನ ನಿಶ್ಚಿತಾರ್ಥಕ್ಕೆ ಬಟ್ಟೆ ತರಲು ಪೇಟೆಗೆ ಹೊರಟಿದ್ದಳು.

ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ನನ್ನ ಮುಖವನ್ನು ನೋಡಲಿಲ್ಲ. ಸೊಂಟದ ಗಂಟು ಬಿಚ್ಚಿ ಚಿಲ್ಲರೆ ತೆಗೆದು, “ಸುವನ್ನಫೂಮ್” ಎಂದಳು.

“ಅವ್ವ, ಬೇಡ” ಎಂದೆ, ಮೆಲ್ಲಗೆ.

“ಎಲ್ಲರೂ ಕೊಟ್ಟಿದ್ದಾರೆ. ನಾನ್ಯಾಕೆ ಕೊಡಬಾರದು?”

ಟಿಕೆಟ್ ಹರಿದು ಕೊಟ್ಟೆ. ಕಿಟಕಿಯ ಪಕ್ಕ ಕೂತಳು. ಪಕ್ಕದಲ್ಲಿದ್ದ ಹೆಂಗಸು, “ಏನು ಬಾಯಿ ಆ ಹುಡುಗೀದು, ಯಾರ ಮಗಳೋ” ಎಂದಳು. ಅವ್ವ, “ಯಾರದ್ದೋ” ಎಂದಳು. ಅಣ್ಣ, ಅದು ನನಗೆ ಕೇಳಲಿ ಎಂದೇ ಅಂದದ್ದು.

ಸುವನ್ನಫೂಮ್ ಬಂತು. ಎಲ್ಲರೂ ಇಳಿದರು, ಅವ್ವ ಏಳಲಿಲ್ಲ. ಚೇಮ್ ಅಕ್ಕನಿಗೆ ಅವಳು ಯಾರೆಂದು ಗೊತ್ತಿಲ್ಲ, “ಅಜ್ಜೀ, ನಿನ್ನ ಊರು ಬಂತು” ಎಂದಳು. ಅವ್ವ ನನ್ನ ಕಡೆ ಕೈ ಚಾಚಿ, “ಸುರಿನ್” ಎಂದು ಮತ್ತೆ ದುಡ್ಡು ಕೊಟ್ಟಳು. ಕೊನೆಯ ನಿಲ್ದಾಣದವರೆಗೂ ಬಂದಳು. ಮೂನ್ ನದಿಯ ಸೇತುವೆ ಮೇಲೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಸುರಿನ್‌ನಲ್ಲಿ ಇಳಿದು ನೂಡಲ್ಸ್ ತಿಂದಳು, ಒಬ್ಬಳೇ. ಅದೇ ಬಸ್ಸಿನಲ್ಲಿ ವಾಪಸು. ಮೊಟ್ಟೆ ಮಾರಲಿಲ್ಲ, ಬಟ್ಟೆಯೂ ತರಲಿಲ್ಲ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕರೆಯುತ್ತಾಳೆ, ಅನ್ನದ ಬುಟ್ಟಿ ನನ್ನ ಕಡೆ ತಳ್ಳುತ್ತಾಳೆ, ಅಷ್ಟೇ. ಬೈದರೆ ಉತ್ತರ ಸಿದ್ಧವಿತ್ತು. ಅವಳು ಬೈಯುತ್ತಿಲ್ಲ. ನಿನ್ನೆ ಶಾಲೆಯ ಟೀಚರಮ್ಮನ ಮನೆಗೆ ಹೋಗಿ ಬಂದಳು. ಯಾಕೆಂದು ಕೇಳಲು ಧೈರ್ಯವಾಗಲಿಲ್ಲ.

ಬುವಾ

*

ನೋನ್‌ಖಾ
ಅಕ್ಟೋಬರ್ ೧೦, ೨೫೩೪

ಪೂಜ್ಯ ಭಿಕ್ಷುಗಳಿಗೆ ಶಾಲೆಯ ಟೀಚರ್ ರಬಿಯಪ್ ಮಾಡುವ ನಮಸ್ಕಾರಗಳು. ತಮ್ಮ ತಾಯಿ ನುವಾನ್ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಕೂತಿದ್ದಾರೆ. ತಿದ್ದಿದರೆ ಎದ್ದು ಹೋಗುತ್ತಾರಂತೆ.

ಗುರುಗಳೇ, ತಾವು ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ. ನಾನು ಚೆನ್ನಾಗಿದ್ದೀನಿ. ಬುವಾ ನಿಮಗೆ ಎಲ್ಲಾ ಬರೆದಿರ್ತಾಳೆ. ನೀವು ಅವಳಿಗೆ ಬರೆದದ್ದನ್ನ ಅವಳು ನನಗೆ ಪೂರ್ತಿ ಓದಲ್ಲ. ಓದ್ತಾ ಓದ್ತಾ ಒಂದು ಕಡೆ ಉಸಿರು ಹಿಡೀತಾಳೆ, ಆಮೇಲೆ ಮುಂದಕ್ಕೆ ಹೋಗ್ತಾಳೆ. ನಂಗೆ ಅಕ್ಷರ ಬರಲ್ಲ, ಕಿವಿ ಇದೆ. ನೀವು ಅಲ್ಲೇ ಉಳಿಯೋ ಯೋಚನೆ ಮಾಡ್ತಿದ್ದೀರಿ.

ಮೊದಲು ಬಸ್ಸಿನ ಮಾತು. ನಾನೂ ಕಿರಿಮಗಳೇ. ನನ್ನನ್ನ ಯಾರೂ ಕೇಳಲಿಲ್ಲ, ಕೇಳಬೇಕು ಅಂತ ನಂಗೂ ತೋಚಲಿಲ್ಲ. ಆವತ್ತು ಮೈಯೆಲ್ಲ ಉರೀತಿತ್ತು. ಪೇಟೇಲಿ ಇಳಿದು ಜುಟ್ಟು ಹಿಡ್ಕೊಂಡು ಎಳ್ಕೊಂಡು ಬರ್ತೀನಿ ಅಂತಲೇ ಕೂತಿದ್ದೆ. ಒಬ್ಬ ಕುಡುಕ ಹತ್ತಿದ, ಹೆಣ್ಣುಮಕ್ಕಳ ಮೇಲೆ ಬೀಳ್ತಿದ್ದ. ಇವಳು ಹೋಗಿ ಅವನ ಕಿವೀಲಿ ಏನೋ ಅಂದ್ಲು. ಅವನು ಕುರಿ ಥರ ಹೋಗಿ ಮುಂದೆ ಕೂತ. ಇದೇ ಹುಡುಗಿ ಗದ್ದೇಲಿ ಕಳೆ ಕೀಳುವಾಗ ಗಳಿಗೆಗೊಂದು ಸಲ ಸೊಂಟ ಎತ್ತಿ ರಸ್ತೆ ನೋಡ್ತಾಳೆ. ಇಳಿಯೋಕೆ ಮನಸ್ಸಾಗಲಿಲ್ಲ. ಸುವನ್ನಫೂಮ್ ದಾಟಿ ನಾನು ಹುಟ್ಟಿದಾಗಿಂದ ಹೋಗಿರಲಿಲ್ಲ. ನದಿ ಅಷ್ಟು ಅಗಲ ಇರುತ್ತೆ ಅಂತ ಗೊತ್ತಿರಲಿಲ್ಲ.

ಡೊಂಗ್ ಹಳ್ಳಿಗೆ ನಾನೇ ಹೋಗಿ ಸಂಬಂಧ ಬೇಡ ಅಂದು ಬಂದೆ. ಆ ಹುಡುಗನ ತಾಯಿ ನನ್ನನ್ನ ಬಾಯಿಗೆ ಬಂದಂಗೆ ಬೈದಳು. ಬೈಸ್ಕೊಂಡೆ. ಹುಡುಗ ಒಳ್ಳೇವನು, ಗೇಟಿನ ತನಕ ಬಂದು ಬಿಟ್ಟ. ನನ್ನ ತಮ್ಮ ಕೊಂಗ್ ಮನೆಗೆ ಬರ್ತಿಲ್ಲ. ಬರ್ತಾನೆ, ಅವನಿಗೆ ನಾನು ಉಪ್ಪಲ್ಲಿ ಹುದುಗಿಸಿಟ್ಟ ಮೀನಿಲ್ಲದೆ ಅನ್ನ ಇಳಿಯಲ್ಲ.

ಈಗ ನಿನ್ನ ಮಾತು ತವಿನ್. ಟೀಚರಮ್ಮ ‘ತಮ್ಮ’ ಅಂತ ತಿದ್ದೋಕೆ ಹೋದರು, ಬೇಡ ಅಂದೆ. ಇದನ್ನ ಗುರುಗಳಿಗೆ ಹೇಳೋಕಾಗಲ್ಲ, ಮಗನಿಗೇ ಹೇಳಬೇಕು. ಮನಸ್ಸು ಅಲ್ಲೇ ನಿಂತಿದ್ರೆ ಅಲ್ಲೇ ಇರು. ನಿನ್ನ ಕಾಲಿಗೆ ಬಿದ್ದು ಸಂತೋಷದಿಂದ ಬರ್ತೀನಿ, ಗದ್ದೆ ಕೊಂಗ್‌ಗೆ ಪಾಲಿಗೆ ಕೊಡ್ತೀನಿ. ನನ್ನ ನೋಡ್ಕೋಬೇಕು ಅಂತ ಬರಬೇಡ. ನಂಗೇನಾಗಿದೆ? ಎಮ್ಮೆಗೆ ಬೈಯೋಷ್ಟು ಶಕ್ತಿ ಇದೆ. ಆದ್ರೆ ವಾಪಸ್ ಬಂದ್ರೆ ನಿಲ್ಲೋಕೆ ನಿನಗೆ ಜಾಗ ಇಲ್ಲ ಅಂತ ಅಲ್ಲಿ ಕೂತಿದ್ರೆ, ಅದು ವ್ರತ ಅಲ್ಲ ಮಗ, ಮುನಿಸು. ಅಂಥ ಪುಣ್ಯ ನಿಮ್ಮಪ್ಪ ಮುಟ್ಟಲ್ಲ.

ಊರಲ್ಲಿ ನಗ್ತಾರೆ. ನುವಾನ್ ಮಗಳನ್ನ ರಸ್ತೆಗೆ ಬಿಟ್ಟು ಮಗನನ್ನ ಒಲೆ ಮುಂದೆ ಕಟ್ಕೊಂಡಳು ಅಂತಾರೆ. ನಗಲಿ. ಗದ್ದೆ ನಿನ್ನದು ಅಂತ ನಾನು ಹೇಳ್ತಿಲ್ಲ. ಗದ್ದೆ ನನ್ನದು. ಮಾಡೋರು ಯಾರು ಅಂತ ಕೇಳ್ತಿದ್ದೀನಿ.

ನುವಾನ್

*

ಪೂಹಿನ್ ಗುಡ್ಡ
ಅಕ್ಟೋಬರ್ ೨೭, ೨೫೩೪

ಅವ್ವ,

ವ್ರತ ಮುಗಿಯಿತು. ನಿನ್ನ ಪತ್ರವನ್ನು ಗುರುಗಳ ಮುಂದಿಟ್ಟೆ. ಓದಿ ಮಡಚಿ ಕೊಟ್ಟರು. “ಮುನಿಸು ಹೌದೋ ಅಲ್ಲವೋ?” ಎಂದರು. ಅರ್ಧ ಹೌದು, ಎಂದೆ. “ಇನ್ನರ್ಧ?” ಇನ್ನರ್ಧ ಇಲ್ಲಿ ಏನೋ ಇದೆ ಗುರುಗಳೇ, ಬೆಳಿಗ್ಗೆ ಭಿಕ್ಷೆಗೆ ಸಾಲಾಗಿ ನಡೆಯುವಾಗ ಒಮ್ಮೊಮ್ಮೆ ತಲೆಯಲ್ಲಿ ಏನೂ ಇರುವುದಿಲ್ಲ, ಅದು ಮತ್ತೆ ಸಿಗುತ್ತದೋ ಇಲ್ಲವೋ ಎಂದೆ. “ಕಾಡು ಎಲ್ಲಿಗೂ ಹೋಗಲ್ಲ. ಪೈರು ಕಾಯಲ್ಲ” ಎಂದರು.

ಊರವರು ಕಾವಿ ಅರ್ಪಿಸುವ ಹಬ್ಬ ಮುಗಿಸಿ ಹೊರಡುತ್ತೇನೆ. ಸರಿಯೋ ತಪ್ಪೋ ನನಗೆ ತಿಳಿಯದು. ಬುವಾಗೆ ಹೇಳು, ಅವಳಿಗೆ ನಾನು ಬರೆಯದೆ ಬಿಟ್ಟ ಸಾಲನ್ನು ನೀನೇ ಬಾಯಿಬಿಟ್ಟು ಹೇಳಿದ್ದೀಯ.

ಈಗ ನನಗೆ ಏನೆಂದು ಸಹಿ ಹಾಕಬೇಕೆಂದು ಗೊತ್ತಾಗುತ್ತಿಲ್ಲ.

ತವಿನ್

*

ಸುರಿನ್
ನವೆಂಬರ್ ೨೪, ೨೫೩೪

ಅಣ್ಣ,

ಚೇಮ್ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಬಸ್ ನಿಲ್ದಾಣ ಎದುರಿಗೇ ಇದೆ. ಊಟಕ್ಕೆ ತೊಂದರೆಯಿಲ್ಲ, ಆದರೆ ಇಲ್ಲಿನ ಅಂಟಕ್ಕಿ ನಮ್ಮ ಮನೆಯದರಂತಲ್ಲ, ಕೈಗೆಲ್ಲ ಅಂಟುತ್ತದೆ. ನಿಮ್ಮ ತಲೆಯಲ್ಲಿ ಕೂದಲು ಮುಳ್ಳುಹಂದಿಯಂತೆ ಎದ್ದಿದೆ ಎಂದು ಅವ್ವ ಟೀಚರಮ್ಮನ ಕೈಲಿ ಬರೆಸಿದ್ದಾಳೆ. ಸಂಜೆ ಗದ್ದೆಯಿಂದ ಬಂದು ಒಂದು ಕಡೆ ಕೂರಲಾರದೆ ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತೀರಂತೆ, ಕರೆದರೂ ಕೇಳಿಸುವುದಿಲ್ಲವಂತೆ. ಕಾಡು ನೆನಪಾಗುತ್ತದೆಯೇ ಎಂದು ಕೇಳಲು ಹೇಳಿದ್ದಾಳೆ. ನಾನು ಕೇಳುವುದಿಲ್ಲ. ನನ್ನನ್ನೂ ಯಾರೂ ಕೇಳದಿರಲಿ.

ನಿನ್ನೆ ಬೆಳಿಗ್ಗೆ ರೊಯ್‌ಯೆತ್ ಕಡೆಗೆ ಹೋಗುವಾಗ ನಮ್ಮೂರು ಬಂತು. ಕೊಯ್ಲು ನಡೆದಿತ್ತು. ರಸ್ತೆಬದಿಯ ಗದ್ದೆ ಅರ್ಧ ಕೊಯ್ದಿತ್ತು. ನಿಮ್ಮನ್ನು ಬೆನ್ನಿನಿಂದ ಗುರುತಿಸಿದೆ. ಕೊಂಗ್ ಮಾವನೂ ಇದ್ದರು, ಅಂದರೆ ಮುನಿಸು ಮುಗಿದಿದೆ. ಅವ್ವ ಹಳದಿ ಬಟ್ಟೆ ತಲೆಗೆ ಸುತ್ತಿ ತುದಿಯ ಸಾಲಿನಲ್ಲಿದ್ದಳು. ನನ್ನ ಕೈಗೆ ಕುಡುಗೋಲಿನ ಹಿಡಿಯ ನೆನಪು ಬಂದು, ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

“ನೋನ್‌ಖಾ” ಎಂದು ಕೂಗಿದೆ. “ನೋನ್‌ಖಾ ಇಳಿಯೋರು ಯಾರಾದ್ರೂ ಇದ್ದೀರಾ?”

ಯಾರೂ ಏಳಲಿಲ್ಲ. ಪಾನ್ ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, “ಯಾರೂ ಇಲ್ವಲ್ಲಮ್ಮ, ಹೋಗೋಣ್ವಾ?” ಎಂದರು.

“ಸ್ವಲ್ಪ ನಿಲ್ಲಿಸಿ” ಎಂದೆ.

ನಿಲ್ಲಿಸಿದರು. ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತೆ. ಕೊಯ್ದ ಪೈರಿನ ವಾಸನೆ ಬಸ್ಸಿನ ಒಳಗೆ ಬಂತು. ಹಿಂದಿನಿಂದ ಯಾರೋ, “ಏನಾಯ್ತು, ಪಂಕ್ಚರಾ?” ಎಂದರು. ಅವ್ವ ಸೊಂಟ ಎತ್ತಿ ರಸ್ತೆಯ ಕಡೆ ನೋಡಿದಳು. ಬಿಸಿಲಿಗೆ ಕಣ್ಣ ಮೇಲೆ ಕೈ ಇಟ್ಟುಕೊಂಡಿದ್ದಳು, ನನ್ನನ್ನು ಕಂಡಳೋ ಬಸ್ಸನ್ನು ಮಾತ್ರ ಕಂಡಳೋ ಗೊತ್ತಾಗಲಿಲ್ಲ. ಮತ್ತೆ ಬಗ್ಗಿದಳು.

ನಾನು ಬಸ್ಸಿನ ತಗಡನ್ನು ಎರಡು ಸಲ ತಟ್ಟಿ, “ರೈಟ್” ಎಂದೆ.

ತಂಗಿ
ಬುವಾಪನ್